ಗಡುವು ಗೊತ್ತಿರುವ ಚಿಕಿತ್ಸೆ

ಇಂದಿನ ಮಾತಿಗೆ ಆರಿಸಿಕೊಂಡ ಕಾಯಿಲೆ ಅಲ್ಸರೇಟಿವ್ ಕೊಲೈಟಿಸ್. ದೊಡ್ಡಕರುಳಿನ ಒಳಪದರದಲ್ಲಿ ಉರಿಯೂತ ಹುಟ್ಟಿ, ಹುಣ್ಣಾಗಿ, ರಕ್ತ ಮತ್ತು ಲೋಳೆಯೊಡನೆ ಭೇದಿಯಾಗುವ, ಕೆಲವು ಕಾಲ ಶಮನವಾಗಿ ಮತ್ತೆ ಕೆರಳುವ ದೀರ್ಘಕಾಲದ ತೊಂದರೆ ಇದು. 1859ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ವಿಲ್ಕ್ಸ್ ಇದನ್ನು ವರ್ಣಿಸಿದ ಮೇಲೆ ಬಹುಕಾಲ ಇದು ಯುರೋಪು, ಅಮೆರಿಕಗಳ ಕಾಯಿಲೆ ಎಂದೇ ಪಠ್ಯಪುಸ್ತಕಗಳು ನಂಬಿದ್ದವು. ಪಂಜಾಬಿನಲ್ಲಿ ಮನೆಮನೆಗೆ ಹೋಗಿ ಮಾಡಿದ ಸಮೀಕ್ಷೆ 2003ರಲ್ಲಿ ಪ್ರಕಟವಾದಾಗ ಆ ನಂಬಿಕೆ ಸಡಿಲವಾಯಿತು. 51,910 ಜನರಲ್ಲಿ 23 ಮಂದಿಗೆ ಈ ಕಾಯಿಲೆ ಇತ್ತು, ಅಂದರೆ ಲಕ್ಷಕ್ಕೆ ಸುಮಾರು 44. ನಮ್ಮ ನೆರೆಯ ತೆಲಂಗಾಣದ ಹಳ್ಳಿಗಳಲ್ಲೂ ಇದು ಇದೆ ಎಂಬುದನ್ನು ಹೈದರಾಬಾದಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯ ವೈದ್ಯರು ತೋರಿಸಿದ್ದಾರೆ. ಹಾಗಾಗಿ ಕಲಬುರಗಿಯಲ್ಲಿ, ಕಮಲಾಪುರದಲ್ಲಿ ನಿಂತು ಇದರ ಬಗ್ಗೆ ಮಾತಾಡುವುದು ದೂರದ ಊರಿನ ಸುದ್ದಿ ಹೇಳಿದಂತಲ್ಲ. ಈ ಕಾಯಿಲೆಗೆ ಯಾವ ಔಷಧಗಳಿವೆ ಎಂಬ ಪಟ್ಟಿ ಎಲ್ಲಿಯಾದರೂ ಸಿಗುತ್ತದೆ. ವೈದ್ಯರು ಆ ಪಟ್ಟಿಯಿಂದ ಒಂದನ್ನು ಹೇಗೆ ಆರಿಸುತ್ತಾರೆ, ಹೇಗೆ ಆರಿಸಬೇಕು ಎಂಬುದು ನನ್ನ ವಿಷಯ. ನನ್ನ ವಾದ ಒಂದೇ: ಈ ಕಾಯಿಲೆಯಲ್ಲಿ ಔಷಧವನ್ನು ಶುರು ಮಾಡುವ ದಿನವೇ ಅದು ಕೆಲಸ ಮಾಡಲಿಲ್ಲ ಎಂದು ಯಾವ ದಿನ, ಯಾವ ಗುರುತಿನಿಂದ ತೀರ್ಮಾನಿಸುತ್ತೇವೆ ಎಂಬುದನ್ನೂ ಗೊತ್ತುಮಾಡಬೇಕು. ಆ ಗಡುವು ಇಲ್ಲದ ಚೀಟಿ ಅರ್ಧ ನಿರ್ಧಾರ. ಉಳಿದರ್ಧದ ಬೆಲೆಯನ್ನು ರೋಗಿ ತೆರುತ್ತಾನೆ.

ಔಷಧಕ್ಕಿಂತ ಮೊದಲು ಕಾಯಿಲೆ ಯಾವುದು ಎಂಬ ನಿರ್ಧಾರವಿದೆ. ನಮ್ಮ ಭಾಗದಲ್ಲಿ ಬಹಳ ತಪ್ಪುಗಳು ನಡೆಯುವುದು ಇಲ್ಲೇ. ಮಲದಲ್ಲಿ ರಕ್ತ ಕಂಡ ಕೂಡಲೇ ಮನೆಯವರ ಬಾಯಲ್ಲಿ ಬರುವ ಮಾತು ಮೂಲವ್ಯಾಧಿ. ಅದಕ್ಕೆ ಔಷಧ ಕೊಡುತ್ತೇವೆಂದು ರಸ್ತೆಬದಿಯಲ್ಲಿ ಫಲಕ ಹಾಕಿಕೊಂಡವರು ಎಲ್ಲ ಊರಲ್ಲೂ ಇದ್ದಾರೆ. ಅಲ್ಲಿಂದ ದಾಟಿ ದವಾಖಾನೆಗೆ ಬಂದರೆ ಆಮಶಂಕೆ ಎಂದು ಮೆಟ್ರೊನಿಡಜೋಲ್ ಗುಳಿಗೆ. ಒಂದು ವಾರ ಕಡಿಮೆಯಾಗುತ್ತದೆ, ಮತ್ತೆ ಶುರುವಾಗುತ್ತದೆ, ಮತ್ತದೇ ಗುಳಿಗೆ. ತಿಂಗಳುಗಳು ಹೀಗೆ ಕಳೆದ ಮೇಲೆ ಯಾರೋ ಒಬ್ಬರು ಕೊಲೊನೋಸ್ಕೋಪಿಗೆ ಕಳಿಸುತ್ತಾರೆ. ಹಾಗೆಂದು ಆಮಶಂಕೆಯ ಅನುಮಾನವನ್ನು ಹಗುರಾಗಿ ತಳ್ಳಿಹಾಕುವಂತೆಯೂ ಇಲ್ಲ. ಅಮೀಬಾದಿಂದ ಕೆರಳಿದ ಕರುಳಿಗೆ ಅಲ್ಸರೇಟಿವ್ ಕೊಲೈಟಿಸ್ ಎಂದು ತಿಳಿದು ಸ್ಟಿರಾಯ್ಡ್ ಕೊಟ್ಟರೆ ಕರುಳು ತೂತಾಗಿ ಪ್ರಾಣಕ್ಕೇ ಬರಬಹುದು. ಇಂಗ್ಲೆಂಡಿನ ವೈದ್ಯ ಅಪರೂಪಕ್ಕೆ ಕೇಳಿಕೊಳ್ಳುವ ಪ್ರಶ್ನೆಯನ್ನು ಇಲ್ಲಿನ ವೈದ್ಯ ಪ್ರತಿ ಸಲವೂ ಕೇಳಿಕೊಳ್ಳಬೇಕು. ಮಲಪರೀಕ್ಷೆ, ಒಳಪದರದ ತುಣುಕಿನ ಪರೀಕ್ಷೆ ಇವೆರಡನ್ನೂ ಮಾಡಿಸದೆ ಬರೆದ ಸ್ಟಿರಾಯ್ಡ್ ಚೀಟಿ ಊಹೆಯ ಮೇಲೆ ನಿಂತದ್ದು. ಭೇದಿ ನಾಲ್ಕೈದು ವಾರ ದಾಟಿ ರಕ್ತವೂ ಇದ್ದರೆ ಅದೇ ಮಾತ್ರೆಯ ಮೂರನೆಯ ಸರದಿಗೆ ಕೈ ಹಾಕಬಾರದು, ಕರುಳನ್ನು ಕಣ್ಣಿಂದ ನೋಡಬೇಕು. ನಾನು ಹೇಳುವ ಗಡುವುಗಳಲ್ಲಿ ಇದು ಮೊದಲನೆಯದು.

ಕಾಯಿಲೆ ಖಚಿತವಾದ ಮೇಲೆ ಎಲ್ಲಿಯವರೆಗೆ ಹಬ್ಬಿದೆ, ಎಷ್ಟು ತೀವ್ರವಾಗಿದೆ ಎಂಬೆರಡು ಪ್ರಶ್ನೆಗಳು. ಗುದನಾಳದಲ್ಲಷ್ಟೇ ಇದ್ದರೆ ಗುದದ್ವಾರದೊಳಗೆ ಇಡುವ, ಉರಿ ಇಳಿಸುವ ಮೆಸಲಜೀನ್ ಸಪೊಸಿಟರಿ ಬಾಯಿಂದ ನುಂಗುವ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಎಡಭಾಗಕ್ಕೆ ಹಬ್ಬಿದ್ದರೆ ಮಾತ್ರೆ ಮತ್ತು ಎನಿಮಾ ಎರಡೂ ಕೂಡಿ ಕೊಟ್ಟಾಗ ಒಂದೊಂದನ್ನೇ ಕೊಟ್ಟದ್ದಕ್ಕಿಂತ ಹೆಚ್ಚು ಫಲ. ಇದು ಪದೇಪದೇ ಸಾಬೀತಾದ ಸಂಗತಿ. ಆದರೂ ನಮ್ಮಲ್ಲಿ ಎನಿಮಾ ಬರೆಯುವುದು ಕಡಿಮೆ. ರೋಗಿ ಒಪ್ಪುವುದಿಲ್ಲ ಎಂದು ವೈದ್ಯರು ತಾವೇ ಊಹಿಸಿಕೊಂಡು ಕೇಳದೆ ಬಿಡುತ್ತಾರೆ. ರಾತ್ರಿ ಮಲಗುವ ಮುನ್ನ ಎಡಮಗ್ಗುಲಾಗಿ ಹಾಕಿಕೊಳ್ಳಬೇಕು, ಮೊದಲ ಕೆಲವು ದಿನ ನಿಲ್ಲದೆ ಹೊರಬರಬಹುದು, ಉರಿ ಇಳಿದಂತೆ ನಿಲ್ಲುತ್ತದೆ ಎಂದು ಹೇಳಲು ಬೇಕಾದದ್ದು ಕೆಲವೇ ನಿಮಿಷ. ಆ ನಿಮಿಷಗಳನ್ನು ಉಳಿಸಿದ ತಪ್ಪಿಗೆ ಎಷ್ಟೋ ಜನ ಬೇಕಿಲ್ಲದ ಸ್ಟಿರಾಯ್ಡಿಗೆ ಏರುತ್ತಾರೆ. ಇದನ್ನು ನಾನು ಸಣ್ಣ ವಿಷಯವೆಂದು ಒಪ್ಪುವುದಿಲ್ಲ.

ಗಡುವು ಏಕೆ ಬೇಕು ಎಂಬುದಕ್ಕೆ ಸಾಕ್ಷ್ಯ ಕೊಡಬೇಕಲ್ಲವೇ? ಈ ಕಾಯಿಲೆ ತಾನಾಗಿಯೇ ಏರಿ ಇಳಿಯುತ್ತದೆ. ಔಷಧವಿಲ್ಲದೆಯೂ ಒಂದಷ್ಟು ಜನಕ್ಕೆ ಕೆಲವು ವಾರ ಹಿತವಾಗುತ್ತದೆ. 1955ರಲ್ಲಿ ಆಕ್ಸ್‌ಫರ್ಡಿನ ಟ್ರುಲವ್ ಮತ್ತು ವಿಟ್ಸ್ 210 ರೋಗಿಗಳ ಮೇಲಿನ ತಮ್ಮ ಪ್ರಯೋಗದ ಅಂತಿಮ ವರದಿ ಪ್ರಕಟಿಸಿದರು. ಒಂದು ಗುಂಪಿಗೆ ಕಾರ್ಟಿಸೋನ್ ಎಂಬ ಸ್ಟಿರಾಯ್ಡ್, ಇನ್ನೊಂದಕ್ಕೆ ಅದೇ ರೂಪದ ಸಪ್ಪೆ ಮಾತ್ರೆ. ಆರು ವಾರಗಳಲ್ಲಿ ಕಾರ್ಟಿಸೋನ್ ಪಡೆದವರಲ್ಲಿ ಶೇ. 41ರಷ್ಟು ಮಂದಿಗೆ ಕಾಯಿಲೆ ಶಮನವಾಯಿತು, ಸಪ್ಪೆ ಮಾತ್ರೆಯವರಲ್ಲಿ ಶೇ. 16ರಷ್ಟು. ಐವತ್ತು ವರ್ಷಗಳ ನಂತರ, 2005ರಲ್ಲಿ ಬಂದ, ರಕ್ತನಾಳಕ್ಕೆ ಹನಿಸುವ ಇನ್‌ಫ್ಲಿಕ್ಸಿಮಾಬ್ ಔಷಧದ ಪ್ರಯೋಗ ಆಕ್ಟ್-1ರಲ್ಲಿ ಎಂಟನೆಯ ವಾರಕ್ಕೆ ಔಷಧದ ಗುಂಪಿನ ಶೇ. 69 ಜನರಲ್ಲಿ ಸುಧಾರಣೆ ಕಂಡಿತು. ಔಷಧವಿಲ್ಲದ ಗುಂಪಿನಲ್ಲಿ ಶೇ. 37. ಆ ಎರಡನೆಯ ಅಂಕಿಯನ್ನು ದಯವಿಟ್ಟು ನೆನಪಿಡಿ. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಬರೀ ದ್ರವ ಹನಿಸಿಕೊಂಡೂ ಸುಧಾರಿಸಿದರು. ಯಾರ ಕೈಗುಣ, ಯಾವ ಕಷಾಯ, ಯಾವ ಪಥ್ಯವೇ ಆಗಲಿ, ಇಷ್ಟು ಜನರ ಕೃತಜ್ಞತೆಯನ್ನು ಪುಕ್ಕಟೆಯಾಗಿ ಗಳಿಸುತ್ತದೆ. ಆಧುನಿಕ ವೈದ್ಯರ ಮಾತ್ರೆಯೂ ಗಳಿಸುತ್ತದೆ. ‘ಈ ಗುಳಿಗೆಯಿಂದ ಅವರಿಗೆ ಆರಾಮಾಯಿತು’ ಎಂಬ ಒಂದೆರಡು ಉದಾಹರಣೆಗಳ ನೆನಪು ಹಾಗಾಗಿ ವೈದ್ಯರಿಗೂ ದಾರಿ ತಪ್ಪಿಸುವ ಸಾಕ್ಷಿ. ಇದಕ್ಕೆ ತಡೆ, ಮೊದಲೇ ಗೊತ್ತುಮಾಡಿದ ಅಳತೆ: ದಿನಕ್ಕೆ ಎಷ್ಟು ಸಲ, ರಕ್ತ ಎಷ್ಟು, ರಾತ್ರಿ ಏಳಬೇಕಾಗುತ್ತದೆಯೇ, ಒಳಪದರ ಹೇಗಿದೆ. ಅಳತೆಯನ್ನು ಮೊದಲು ಬರೆದಿಟ್ಟು ಆಮೇಲೆ ಅಳೆದರೆ ಮಾತ್ರ ನಮ್ಮ ಆಸೆ ನಮ್ಮ ಕಣ್ಣನ್ನು ಮುಚ್ಚುವುದಿಲ್ಲ.

ಗಡುವಿನ ಬೆಲೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ತೀವ್ರವಾಗಿ ಕೆರಳಿದ ಸ್ಥಿತಿಯಲ್ಲಿ. ಅದೇ ಟ್ರುಲವ್ ಮತ್ತು ವಿಟ್ಸ್ ಕೊಟ್ಟ ಲಕ್ಷಣಗಳು ಇಂದಿಗೂ ಬಳಕೆಯಲ್ಲಿವೆ. ದಿನಕ್ಕೆ ಆರು ಅಥವಾ ಹೆಚ್ಚು ಸಲ ರಕ್ತಭೇದಿ. ಅದರ ಜೊತೆ ನಾಡಿ 90ಕ್ಕಿಂತ ಹೆಚ್ಚು, ಜ್ವರ 37.8 ಡಿಗ್ರಿಗಿಂತ ಹೆಚ್ಚು, ಹಿಮೋಗ್ಲೋಬಿನ್ 10.5ಕ್ಕಿಂತ ಕಡಿಮೆ, ಉರಿಯೂತದ ಗುರುತಾದ ಇಎಸ್‌ಆರ್ 30ಕ್ಕಿಂತ ಹೆಚ್ಚು, ಇವುಗಳಲ್ಲಿ ಯಾವುದಾದರೂ ಒಂದು. ಇಂಥ ರೋಗಿಗೆ ಮನೆಯಲ್ಲಿ ಚಿಕಿತ್ಸೆ ಸಲ್ಲದು. ಆಸ್ಪತ್ರೆಗೆ ಸೇರಿಸಿ ರಕ್ತನಾಳದ ಮೂಲಕ ಸ್ಟಿರಾಯ್ಡ್ ಕೊಡಬೇಕು. ಮುಂದಿನ ಪ್ರಶ್ನೆ, ಎಷ್ಟು ದಿನ ಕಾಯುವುದು? 1996ರಲ್ಲಿ ಆಕ್ಸ್‌ಫರ್ಡಿನಿಂದಲೇ ಉತ್ತರ ಬಂತು. ಮೂರನೆಯ ದಿನವೂ ಎಂಟಕ್ಕಿಂತ ಹೆಚ್ಚು ಸಲ ಭೇದಿಯಾಗುತ್ತಿದ್ದರೆ, ಇಲ್ಲವೇ ಮೂರರಿಂದ ಎಂಟು ಸಲವಿದ್ದು ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ 45 ದಾಟಿದ್ದರೆ, ಅಂಥವರಲ್ಲಿ ಶೇ. 85ರಷ್ಟು ಮಂದಿಗೆ ಅದೇ ದಾಖಲಾತಿಯಲ್ಲಿ ದೊಡ್ಡಕರುಳು ತೆಗೆಯುವ ಶಸ್ತ್ರಚಿಕಿತ್ಸೆ ಬೇಕಾಗಿತ್ತು. ಮೂರನೆಯ ದಿನಕ್ಕೆ ಸ್ಟಿರಾಯ್ಡ್ ಸೋತಿದೆ ಎಂದು ತಿಳಿದರೆ ಇನ್‌ಫ್ಲಿಕ್ಸಿಮಾಬ್ ಅಥವಾ ಸೈಕ್ಲೋಸ್ಪೋರಿನ್‌ನಂಥ ರಕ್ಷಣಾ ಔಷಧಕ್ಕೆ ಸಮಯವಿರುತ್ತದೆ. ಸ್ವೀಡನ್ ಮತ್ತು ಡೆನ್ಮಾರ್ಕಿನ 45 ರೋಗಿಗಳ 2005ರ ಪ್ರಯೋಗದಲ್ಲಿ, ಒಂದೇ ಸಲ ಇನ್‌ಫ್ಲಿಕ್ಸಿಮಾಬ್ ಪಡೆದ 24 ಜನರಲ್ಲಿ ಮೂರು ತಿಂಗಳೊಳಗೆ 7 ಮಂದಿ ಕರುಳು ಕಳೆದುಕೊಂಡರು. ಪಡೆಯದ 21 ಜನರಲ್ಲಿ 14 ಮಂದಿ. ಲುಧಿಯಾನದ ವೈದ್ಯರು 2024ರಲ್ಲಿ ಪ್ರಕಟಿಸಿದ ಪ್ರಯೋಗವಂತೂ ಭಾರತದ ರೋಗಿಗಳ ಮೇಲೆಯೇ ನಡೆದದ್ದು. 104 ಮಂದಿಯಲ್ಲಿ ಸ್ಟಿರಾಯ್ಡಿನ ಜೊತೆ ಟೋಫಾಸಿಟಿನಿಬ್ ಮಾತ್ರೆ ಪಡೆದವರಲ್ಲಿ ಏಳನೆಯ ದಿನಕ್ಕೆ ಶೇ. 83 ಜನ ಸ್ಪಂದಿಸಿದರು, ಸ್ಟಿರಾಯ್ಡ್ ಮಾತ್ರ ಪಡೆದವರಲ್ಲಿ ಶೇ. 59. ಈ ಮಾತ್ರೆಯ ಜನರಿಕ್ ರೂಪ ನಮ್ಮ ದೇಶದಲ್ಲಿ ಸಿಗುತ್ತದೆ.

ಈಗ ನಕಾಶೆ ನೋಡಿ. ಕಮಲಾಪುರ ಹುಮನಾಬಾದ್ ರಸ್ತೆಯಲ್ಲಿ ಕಲಬುರಗಿಯಿಂದ ಸುಮಾರು 35 ಕಿಲೋಮೀಟರ್. ಕಲಬುರಗಿಯಿಂದ ಸೊಲ್ಲಾಪುರ ಸುಮಾರು 110, ಹೈದರಾಬಾದ್ ಸುಮಾರು 220. ಕಲಬುರಗಿ ನಗರದಲ್ಲಿ ನಾಲ್ಕು ವೈದ್ಯಕೀಯ ಕಾಲೇಜುಗಳಿವೆ. 1963ರಲ್ಲಿ ಶುರುವಾದ ಮಹಾದೇವಪ್ಪ ರಾಂಪುರೆ ಕಾಲೇಜು ಅವುಗಳಲ್ಲಿ ಹಿರಿಯದು. ಆದರೂ ಬಿಗಡಾಯಿಸಿದ ರೋಗಿಯನ್ನು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಒಯ್ಯುವ ರೂಢಿ ಈ ಭಾಗದಲ್ಲಿ ಗಟ್ಟಿಯಾಗಿದೆ. ಒಯ್ಯುವುದನ್ನು ನಾನು ತಪ್ಪೆನ್ನುತ್ತಿಲ್ಲ. ಒಯ್ಯುವ ದಿನವನ್ನು ಕುರಿತು ಕೇಳುತ್ತಿದ್ದೇನೆ. ಮೂರನೆಯ ದಿನ ಹೊರಟ ರೋಗಿಗೂ, ಹೊಟ್ಟೆ ಉಬ್ಬಿ, ನಾಡಿ ಏರಿ, ಪ್ರೋಟೀನ್ ಕುಸಿದು ಹತ್ತನೆಯ ದಿನ ಹೊರಟ ರೋಗಿಗೂ ರಸ್ತೆ ಅಷ್ಟೇ ಉದ್ದ. ತಲುಪಿದಾಗ ಉಳಿದಿರುವ ಆಯ್ಕೆಗಳು ಅಷ್ಟೇ ಇರುವುದಿಲ್ಲ. ದೂರದ ಊರುಗಳಲ್ಲಿ ಗಡುವು ಇನ್ನೂ ಬಿಗಿಯಾಗಿರಬೇಕು ಎಂಬುದು ಇದರಿಂದ ಹೊರಡುವ ತೀರ್ಮಾನ.

ಇಲ್ಲಿಗೆ ಒಂದು ಆಕ್ಷೇಪ ಎದುರಾಗುತ್ತದೆ, ಅದು ತೂಕದ್ದು. ಇವೆಲ್ಲ ಆಕ್ಸ್‌ಫರ್ಡಿನ ಅಂಕಿಗಳು, ನಮ್ಮ ಮೈಗೆ, ನಮ್ಮ ನೆಲಕ್ಕೆ ಹೊಂದುತ್ತವೆಯೇ ಎಂದು. ಭಾಗಶಃ ಒಪ್ಪುತ್ತೇನೆ. ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ತೊಗರಿ ಹೊಲದಲ್ಲಿ ದುಡಿಯುವ ಹೆಂಗಸಿನ ಹಿಮೋಗ್ಲೋಬಿನ್ ಕಾಯಿಲೆಗೆ ಮುಂಚೆಯೇ ಹತ್ತರ ಆಸುಪಾಸಿನಲ್ಲಿರಬಹುದು. ಮೇ ತಿಂಗಳ ಕಲಬುರಗಿ ಬಿಸಿಲಲ್ಲಿ ಬಸ್ಸಿಳಿದು ಬಂದವರ ನಾಡಿ 90 ದಾಟಿರುವುದು ಸಹಜ. ಅಂಕಿಯನ್ನು ಸ್ಥಳ ನೋಡಿ ಓದಬೇಕು, ನಿಜ. ಆದರೆ ಈ ತಪ್ಪು ಯಾವ ಕಡೆಗೆ ವಾಲುತ್ತದೆ ನೋಡಿ: ಹೆಚ್ಚೆಂದರೆ ತೀವ್ರವಲ್ಲದವರನ್ನು ತೀವ್ರವೆಂದು ಎರಡು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುತ್ತೇವೆ. ಅಂಕಿ ನಮ್ಮದಲ್ಲವೆಂದು ಕೈಬಿಟ್ಟರೆ ಆಗುವ ತಪ್ಪು ಇದಕ್ಕಿಂತ ಬಹಳ ದೊಡ್ಡದು. ಇನ್ನೂ ಒಂದು ಮಾತು. ಮೂರನೆಯ ದಿನದ ನಿಯಮಕ್ಕೆ ಬೇಕಾಗುವುದು ಭೇದಿಯ ಲೆಕ್ಕ ಮತ್ತು ಯಾವ ತಾಲೂಕಿನ ಪ್ರಯೋಗಾಲಯದಲ್ಲೂ ಮಾಡಬಹುದಾದ ಒಂದು ರಕ್ತಪರೀಕ್ಷೆ. ಜೊತೆಗೆ ಹೊಟ್ಟೆಯ ಒಂದು ಎಕ್ಸ್‌ರೇ. ದುಬಾರಿ ಯಂತ್ರ ಕೇಳದ ನಿಯಮವನ್ನು ಪರದೇಶದ್ದೆಂದು ದೂರವಿಡುವುದರಲ್ಲಿ ಅರ್ಥವಿಲ್ಲ.

ನಮ್ಮ ನೆಲ ನಿಜವಾಗಿ ಬೇರೆ ನಿರ್ಧಾರ ಬೇಡುವುದು ಕ್ಷಯದ ವಿಷಯದಲ್ಲಿ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದಲ್ಲಿದ್ದಾರೆ. ಇನ್‌ಫ್ಲಿಕ್ಸಿಮಾಬ್, ಅಡಾಲಿಮುಮಾಬ್‌ನಂಥ ಔಷಧಗಳು ಮೈಯಲ್ಲಿ ಮಲಗಿರುವ ಕ್ಷಯವನ್ನು ಎಬ್ಬಿಸಬಲ್ಲವು. ಮೊದಲೇ ಮಾಂಟೂ ಅಥವಾ ಇಗ್ರಾ ಪರೀಕ್ಷೆ, ಎದೆಯ ಚಿತ್ರ ಮಾಡಿಸಬೇಕು. ಅವೆಲ್ಲ ಸರಿಯಿದ್ದರೂ ನಮ್ಮಲ್ಲಿ ಆಮೇಲೆ ಕ್ಷಯ ತಲೆದೋರಿದ ಉದಾಹರಣೆಗಳಿವೆ. ಆದ್ದರಿಂದ ಕರುಳಿನ ಮೇಲೆಯೇ ಹೆಚ್ಚು ಕೆಲಸ ಮಾಡುವ ವೆಡೊಲಿಜುಮಾಬ್‌ಗೆ ಇಲ್ಲಿ ಒಂದು ಹೆಚ್ಚಿನ ತೂಕ ಬರುತ್ತದೆ. 2019ರ ವಾರ್ಸಿಟಿ ಪ್ರಯೋಗದಲ್ಲಿ ಒಂದು ವರ್ಷದ ಕೊನೆಗೆ ಅದು ಶೇ. 31 ಮಂದಿಯಲ್ಲಿ ಶಮನ ತಂದರೆ ಅಡಾಲಿಮುಮಾಬ್ ತಂದದ್ದು ಶೇ. 22.5ರಲ್ಲಿ. ಆದರೆ ವೆಡೊಲಿಜುಮಾಬಿನ ಬೆಲೆ ಬಹಳ ಜನರ ಕೈಗೆಟುಕುವುದಿಲ್ಲ. ಹಾಗೆಯೇ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಯೋಪ್ರಿನ್ ಮಾತ್ರೆ ಶುರು ಮಾಡುವಾಗ ಬಿಳಿರಕ್ತಕಣ ಕುಸಿಯುವ ಅಪಾಯವನ್ನು ಮುಂಚಿತವಾಗಿ ಹೇಳಲು ಪಾಶ್ಚಾತ್ಯರು ನೆಚ್ಚಿಕೊಂಡ ಟಿಪಿಎಂಟಿ ಪರೀಕ್ಷೆಗಿಂತ ಎನ್‌ಯುಡಿಟಿ15 ಎಂಬ ಜೀನಿನ ಪರೀಕ್ಷೆ ಏಷ್ಯಾದವರಿಗೆ ಹೆಚ್ಚು ಉಪಯುಕ್ತ. ಅದು ಆಗದಿದ್ದರೆ ಮೊದಲ ವಾರಗಳಲ್ಲಿ ರಕ್ತಕಣಗಳ ಎಣಿಕೆಯನ್ನು ಮತ್ತೆಮತ್ತೆ ಮಾಡಿಸಲೇಬೇಕು. ಆ ಎಣಿಕೆಯನ್ನು ಕಮಲಾಪುರದಲ್ಲೇ ಮಾಡಿಸಿ ಫಲಿತಾಂಶವನ್ನು ಫೋನಿನಲ್ಲಿ ಕಳಿಸಬಹುದು. ಅದಕ್ಕಾಗಿ ಕೂಲಿ ಬಿಟ್ಟು ನಗರಕ್ಕೆ ಬರಬೇಕಿಲ್ಲ.

ಗಡುವಿಲ್ಲದ ಚಿಕಿತ್ಸೆಯ ದೊಡ್ಡ ಉದಾಹರಣೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್. ಅಗ್ಗದ ಮಾತ್ರೆ, ಬೇಗ ಹಿತ ಕೊಡುತ್ತದೆ, ಹಳೆಯ ಚೀಟಿ ತೋರಿಸಿದರೆ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಈ ಮೂರೂ ಗುಣಗಳು ಸೇರಿ ಅದನ್ನು ಅಪಾಯಕಾರಿ ಮಾಡಿವೆ. ಅದು ಕೆರಳಿಕೆ ಇಳಿಸುತ್ತದೆ, ಇಳಿದದ್ದನ್ನು ಉಳಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ವರ್ಷಗಟ್ಟಲೆ ನುಂಗಿದವರಿಗೆ ಸಕ್ಕರೆ ಕಾಯಿಲೆ, ಮೂಳೆ ಸವೆತ, ಕಣ್ಣಿನ ಪೊರೆ, ಮತ್ತೆ ಅದೇ ಕ್ಷಯ. ಒಪ್ಪಿತವಾದ ವ್ಯಾಖ್ಯೆ ಸರಳವಾಗಿದೆ: ಶುರು ಮಾಡಿದ ಮೂರು ತಿಂಗಳೊಳಗೆ ದಿನಕ್ಕೆ 10 ಮಿಲಿಗ್ರಾಮಿಗಿಂತ ಕೆಳಗೆ ಇಳಿಸಲಾಗದಿದ್ದರೆ, ಅಥವಾ ನಿಲ್ಲಿಸಿದ ಮೂರು ತಿಂಗಳೊಳಗೆ ಕಾಯಿಲೆ ಮರಳಿದರೆ, ಆ ರೋಗಿ ಸ್ಟಿರಾಯ್ಡಿಗೆ ಅಂಟಿಕೊಂಡಿದ್ದಾನೆ. ಆಗ ಬೇರೆ ಔಷಧಕ್ಕೆ ಏರಲೇಬೇಕು. ಈ ಎರಡು ಸಾಲನ್ನು ಮೊದಲ ಚೀಟಿಯಲ್ಲೇ ಕನ್ನಡದಲ್ಲಿ ಬರೆದುಕೊಟ್ಟರೆ ರೋಗಿಯೇ ಬಂದು ಕೇಳುತ್ತಾನೆ. ರೋಗಿಗೆ ಇಷ್ಟೆಲ್ಲ ಹೇಳಿದರೆ ಹೆದರುತ್ತಾನೆ, ವೈದ್ಯರ ಮೇಲಿನ ನಂಬಿಕೆ ಹೋಗುತ್ತದೆ ಎಂಬ ಮಾತನ್ನು ಕೇಳಿದ್ದೇನೆ. ನಂಬಿಕೆ ಹೋಗುವುದು ಮೂರು ತಿಂಗಳ ಬಳಿಕ ಮುಖ ಊದಿ, ಕಾಯಿಲೆಯೂ ಮರಳಿ, ಯಾರೂ ಇದನ್ನು ಮೊದಲೇ ಹೇಳಿರಲಿಲ್ಲವೆಂದು ಗೊತ್ತಾದಾಗ.

ಇನ್ನೊಂದು ಆಕ್ಷೇಪ ಹಣದ್ದು. ಅಂತರರಾಷ್ಟ್ರೀಯ ತಜ್ಞರು 2021ರಲ್ಲಿ ಪರಿಷ್ಕರಿಸಿದ ಸ್ಟ್ರೈಡ್ ಗುರಿಗಳ ಪ್ರಕಾರ ಲಕ್ಷಣ ಇಳಿದರೆ ಸಾಲದು. ಸಿಆರ್‌ಪಿ, ಮಲದ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಉರಿಯೂತದ ಅಳತೆಗಳು ಸರಿಹೋಗಬೇಕು, ಕೊನೆಗೆ ಒಳಪದರವೇ ಮಾಯಬೇಕು. ಹೊರಗೆ ಆರಾಮಿದ್ದು ಒಳಗೆ ಉರಿ ಉಳಿದವರಿಗೆ ಕಾಯಿಲೆ ಬೇಗ ಮರಳುತ್ತದೆ ಎಂಬುದು ಇದರ ಹಿಂದಿನ ಕಾರಣ. ಇದು ಉಳ್ಳವರ ಗುರಿಯಲ್ಲವೇ? ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಮುಖ್ಯವಾಗಿ ಆಸ್ಪತ್ರೆಗೆ ಸೇರಿದವರ ಚಿಕಿತ್ಸೆಯ ಸುತ್ತ ಕಟ್ಟಿದ್ದು; ದಿನವೂ ನುಂಗುವ ಮಾತ್ರೆ, ಹೊರರೋಗಿಯ ಪರೀಕ್ಷೆಗಳ ಹೊರೆ ಬಹುಪಾಲು ಮನೆಯವರ ಮೇಲೆಯೇ. ಈ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಅರ್ಧ ಉತ್ತರವಿದೆ. ಮೆಸಲಜೀನ್ ಸರಿಯಾದ ಪ್ರಮಾಣದಲ್ಲಿ, ಸರಿಯಾದ ಮಾರ್ಗದಲ್ಲಿ, ಬಿಡದೆ ತೆಗೆದುಕೊಂಡರೆ ಬಹಳ ಜನಕ್ಕೆ ಅದೇ ಸಾಕು. ದುಬಾರಿ ಔಷಧದ ಮಾತು ಬರುವುದು ಉಳಿದವರಿಗೆ. ಅವರಿಗೆ ಕೊಡುವಾಗಲೂ ಗಡುವೇ ಹಣ ಉಳಿಸುತ್ತದೆ. ಇನ್‌ಫ್ಲಿಕ್ಸಿಮಾಬ್ ಮೊದಲ ದಿನ, ಎರಡನೆಯ ವಾರ, ಆರನೆಯ ವಾರ ಕೊಟ್ಟು ಹದಿನಾಲ್ಕನೆಯ ವಾರದೊಳಗೆ ಫಲ ಕಾಣದಿದ್ದರೆ ಮುಂದುವರಿಸುವುದು ಸಾಲ ಬೆಳೆಸುವ ಕೆಲಸ. ಯಾವ ಔಷಧವನ್ನು ಎಷ್ಟು ತಿಂಗಳು ಕೊಳ್ಳುವ ಶಕ್ತಿ ಮನೆಗಿದೆ ಎಂಬುದನ್ನು ಮೊದಲ ಭೇಟಿಯಲ್ಲೇ ಕೇಳುವುದು ವೈದ್ಯಕೀಯದ ಭಾಗವೇ. ಎರಡು ಡೋಸ್ ಕೊಟ್ಟು ದುಡ್ಡಿಲ್ಲದೆ ನಿಂತ ಇನ್‌ಫ್ಲಿಕ್ಸಿಮಾಬಿನಿಂದ ಮುಂದೆ ಅದೇ ಔಷಧಕ್ಕೆ ಮೈ ಪ್ರತಿರೋಧ ಒಡ್ಡುವ ಸಾಧ್ಯತೆ ಹೆಚ್ಚುತ್ತದೆ.

ರೋಗಿಯ ಗುರಿಯೂ ವೈದ್ಯರ ಗುರಿಯೂ ಒಂದೇ ಆಗಿರಬೇಕಿಲ್ಲ. ವೈದ್ಯರು ಒಳಪದರ ನೋಡುತ್ತಾರೆ. ಕಮಲಾಪುರದಿಂದ ದಿನವೂ ಬಸ್ಸಲ್ಲಿ ಕಾಲೇಜಿಗೆ ಬರುವ ಹುಡುಗಿ ಒಂದು ಗಂಟೆ ತಡೆದುಕೊಳ್ಳಲು ಆದೀತೇ ಎಂದು ನೋಡುತ್ತಾಳೆ. ಆ ತಡೆಯಲಾಗದ ಅವಸರವನ್ನು ಕೇಳದೆ ಬರೆದ ಚೀಟಿಯಲ್ಲಿ ಕಾಯಿಲೆಯ ದೊಡ್ಡ ಭಾಗವೇ ಬಿಟ್ಟುಹೋಗಿರುತ್ತದೆ. ಮದುವೆ, ಬಸಿರು ಇವುಗಳ ಬಗ್ಗೆಯೂ ಕೇಳಬೇಕು. ಬಸಿರಾದ ಕೂಡಲೇ ಎಲ್ಲ ಮಾತ್ರೆ ನಿಲ್ಲಿಸುವುದು ನಮ್ಮಲ್ಲಿ ರೂಢಿ. ಆದರೆ ಕೆರಳಿದ ಕಾಯಿಲೆಯೇ ತಾಯಿಗೂ ಮಗುವಿಗೂ ಹೆಚ್ಚಿನ ಅಪಾಯ. ಮೆಸಲಜೀನ್ ಮುಂದುವರಿಸಬಹುದು, ಟೋಫಾಸಿಟಿನಿಬ್ ಬೇಡ, ಎಂಬಂಥ ವಿವರ ಬಸಿರಿಗೆ ಮುಂಚೆ ತಿಳಿದಿರಬೇಕು. ಊಟದ ಬಗ್ಗೆಯೂ ಒಂದು ಮಾತು, ಏಕೆಂದರೆ ರೋಗಿಗಳು ಮೊದಲು ಕೇಳುವುದೇ ಅದನ್ನು. ಕೆರಳಿದಾಗ ನಾರು, ಖಾರ ಕಡಿಮೆ ಮಾಡಿದರೆ ಹಿತ. ಶಮನವಾದ ಮೇಲೂ ಜೋಳದ ರೊಟ್ಟಿ, ಬೇಳೆ, ಹಾಲು, ಕಮಲಾಪುರದ ಹೆಸರಾದ ಕೆಂಪು ಬಾಳೆಹಣ್ಣು ಎಲ್ಲವನ್ನೂ ವರ್ಷಗಟ್ಟಲೆ ಬಿಡಿಸುವುದಕ್ಕೆ ಆಧಾರವಿಲ್ಲ; ಮೊದಲೇ ರಕ್ತ ಕಳೆದುಕೊಂಡವರನ್ನು ಅದು ಇನ್ನಷ್ಟು ಸೊರಗಿಸುತ್ತದೆ. ಮೈಕೈ ನೋವಿಗೆ ತಾವಾಗಿ ಕೊಂಡು ನುಂಗುವ ನೋವಿನ ಗುಳಿಗೆಗಳ ಮೇಲೆ ಆ ಕಟ್ಟುನಿಟ್ಟು ತೋರಿಸುವುದು ಮೇಲು, ಅವು ಕಾಯಿಲೆಯನ್ನು ಕೆರಳಿಸಬಲ್ಲವು.

ಶಸ್ತ್ರಚಿಕಿತ್ಸೆಯನ್ನು ಸೋಲೆಂದು ಕಾಣುವ ಮನೋಭಾವಕ್ಕೂ ಗಡುವೇ ಔಷಧ. ದೊಡ್ಡಕರುಳು ತೆಗೆದರೆ ಹೊಟ್ಟೆಗೆ ಚೀಲ ಹಾಕುತ್ತಾರೆ ಎಂಬ ಭಯ ಸಹಜ. ಸಣ್ಣಕರುಳಿನಿಂದಲೇ ಒಳಗೆ ಚೀಲ ಕಟ್ಟಿ ಗುದದ್ವಾರಕ್ಕೆ ಜೋಡಿಸುವ ವಿಧಾನವನ್ನು ಪಾರ್ಕ್ಸ್ ಮತ್ತು ನಿಕೋಲ್ಸ್ 1978ರಲ್ಲೇ ವರ್ಣಿಸಿದ್ದಾರೆ ಎಂಬುದು ಬಹಳ ರೋಗಿಗಳಿಗೆ ತಿಳಿದಿಲ್ಲ. ತಡವಾಗಿ, ತಿಂಗಳುಗಟ್ಟಲೆ ಸ್ಟಿರಾಯ್ಡಿನ ಮೇಲಿದ್ದು ಮಾಡಿಸಿಕೊಂಡ ಶಸ್ತ್ರಚಿಕಿತ್ಸೆಯಲ್ಲಿ ತೊಡಕುಗಳು ಹೆಚ್ಚು. ತೀವ್ರವಾಗಿ ಕೆರಳಿ ದಾಖಲಾದ ರೋಗಿಯನ್ನು ಮೊದಲ ದಿನವೇ ಶಸ್ತ್ರವೈದ್ಯರೂ ನೋಡಬೇಕು. ಅವರು ಬಂದದ್ದು ಕತ್ತರಿಸಲಿಕ್ಕೆ ಎಂದು ಮನೆಯವರು ತಿಳಿಯದಂತೆ ಹೇಳುವ ಹೊಣೆ ವೈದ್ಯರದು.

ಕಡೆಯ ಆಕ್ಷೇಪ ಸಮಯದ್ದು. ಹೊರರೋಗಿ ವಿಭಾಗದಲ್ಲಿ ನೂರು ಜನ ಸಾಲುಗಟ್ಟಿರುವಾಗ ಇಷ್ಟೆಲ್ಲ ಯಾರು ಬರೆಯುತ್ತಾರೆ? ಬರೆಯಬೇಕಾದದ್ದು ನಾಲ್ಕು ಸಾಲು: ಕಾಯಿಲೆ ಎಲ್ಲಿಯವರೆಗೆ ಇದೆ, ಈಗಿನ ಔಷಧ ಯಾವುದು, ಯಾವ ತಾರೀಖಿಗೆ ಏನು ನೋಡುತ್ತೇವೆ, ಅಂದು ಸುಧಾರಿಸಿರದಿದ್ದರೆ ಮುಂದಿನ ಹೆಜ್ಜೆ ಏನು. ಕಾಯಿಲೆ ಶುರುವಾಗಿ ಎಂಟು ವರ್ಷ ದಾಟಿದವರಿಗೆ ಕ್ಯಾನ್ಸರ್ ತಪಾಸಣೆಯ ಕೊಲೊನೋಸ್ಕೋಪಿಯ ವರ್ಷವನ್ನೂ ಸೇರಿಸಿದರೆ ಐದು ಸಾಲು. ಒಮ್ಮೆ ಅಚ್ಚು ಹಾಕಿಸಿದ ಕನ್ನಡದ ಹಾಳೆಯಲ್ಲಿ ಇದನ್ನು ಕಿರಿಯ ವೈದ್ಯರು ಎರಡು ನಿಮಿಷದಲ್ಲಿ ತುಂಬಬಲ್ಲರು. ನಗರದ ನಾಲ್ಕೂ ಕಾಲೇಜುಗಳ ಮೆಡಿಸಿನ್ ವಿಭಾಗಗಳು ಕೂಡಿ ಕೂತು ಅಂಥ ಒಂದೇ ಹಾಳೆಯನ್ನು ಒಪ್ಪಿಕೊಳ್ಳಲಿ, ಅದರ ಒಂದು ಪ್ರತಿ ಕಮಲಾಪುರದಂಥ ತಾಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಇರಲಿ ಎಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ. ಅಲ್ಲಿನ ವೈದ್ಯರು ಹಾಳೆ ತೆಗೆದು ತಾರೀಖು ನೋಡಿ, ಗಡುವು ದಾಟಿದ್ದರೆ ಅದೇ ದಿನ ನಗರಕ್ಕೆ ಫೋನು ಮಾಡುವಂತಾಗಬೇಕು.